ನಳ್ಳಿಗೆ ಸುತ್ತಿದ ಬೈರಾಸು

ಬಾಗಿ ಸತ್ತದ್ದು ನೀರಿನ ನಳ್ಳಿ ಮುಟ್ಟಿ.

ಹಾಗೆಂದು ಎಲ್ಲರೂ ಹೇಳಿದರು. ಮುಟ್ಟಬೇಡ ಎಂದು ಹೇಳಿದ್ದರಂತೆ, ಕೇಳಲಿಲ್ಲವಂತೆ, ಮುಟ್ಟಿದಳಂತೆ, ಸತ್ತಳಂತೆ. ಬಲ್ಮಠದ ಧಣಿಗಳ ಮನೆಯವರು ಹೇಳಿದರು. ಕಂಕನಾಡಿ ಮಾರ್ಕೆಟಿನಲ್ಲಿ ಮೀನಿನ ಬುಟ್ಟಿ ಮುಂದಿಟ್ಟುಕೊಂಡು ಕೂತವರು ಹೇಳಿದರು. ಕಾಲನಿಯ ಮುದುಕರಿಗೆ ಇನ್ನೊಂದು ವಿಷಯವೂ ಸಿಕ್ಕಿತ್ತು. ಆ ಮನೆಯ ಬಾವಿಯ ಪಕ್ಕ ದೈವದ ಗುಡಿ ಉಂಟು, ಮೈಲಿಗೆ ತಾಗಿದರೆ ದೈವ ಸುಮ್ಮನಿರುತ್ತದಾ ಎಂದು ಅವರು ಗುಸುಗುಸು ಮಾಡಿದರು. ಬಾಗಿಯ ಗಂಡ ಅಣ್ಣು ಬಂದರಿನಲ್ಲಿ ಮೂಟೆ ಹೊರುವವನು. ಅವನೂ ತಲೆಗೆ ಕೈ ಹೊತ್ತುಕೊಂಡು, ಅವಳಿಗೆ ಯಾಕೆ ಬೇಕಿತ್ತು ಆ ನಳ್ಳಿಯ ಸುದ್ದಿ ಎಂದು ಅತ್ತ.

ಬಾಗಿಯ ತಂಗಿ ವಾರಿಜ ಮಾತ್ರ ಬಾಯಿ ಬಿಡಲಿಲ್ಲ. ಬಿಡುವುದು ಹೇಗೆ? ಮುಟ್ಟು ಎಂದು ಹೇಳಿದವಳೇ ಅವಳು.

ಇದು ಎಂಬತ್ತೊಂದನೇ ಇಸವಿಯ ಬೇಸಿಗೆಯ ಮಾತು. ಧಣಿಗಳಿಗೆ ಹಿಂದೆ ಹಳ್ಳಿಯಲ್ಲಿ ಗದ್ದೆಗಳಿದ್ದವು. ಕಾನೂನು ಬಂತು, ಗದ್ದೆಗಳು ಗೇಣಿದಾರರ ಪಾಲಾದವು. ಹಾಗೆಂದು ಧಣಿಗಳೇನು ಬೀದಿಗೆ ಬೀಳಲಿಲ್ಲ. ಪೇಟೆಗೆ ಬಂದು ಹೋಟೆಲು ಹಾಕಿದರು, ಬಲ್ಮಠದ ಹತ್ತಿರ ಮಾಳಿಗೆ ಮನೆ ಕಟ್ಟಿಸಿದರು. ಬರುವಾಗ ಹಿತ್ತಾಳೆ ಹಂಡೆ ತಂದರು, ಬಟ್ಟೆ ಒಗೆಯುವ ಕಲ್ಲು ತಂದರು, ದೈವವನ್ನು ತಂದರು. ಯಾರನ್ನು ಮುಟ್ಟಬೇಕು ಯಾರನ್ನು ಮುಟ್ಟಬಾರದು ಎಂಬ ಕ್ರಮವನ್ನೂ ಒಂದು ಚೂರು ಮುಕ್ಕಾಗದ ಹಾಗೆ ಜೋಪಾನವಾಗಿ ತಂದರು. ದೊಡ್ಡ ಧಣಿ ತೀರಿಹೋದ ಮೇಲೆ ಮನೆ ನೋಡಿಕೊಳ್ಳುವವರು ಅವರ ಹೆಂಡತಿ ರತ್ನಾವತಿಯಮ್ಮ. ಹೋಟೆಲು ನೋಡಿಕೊಳ್ಳುವವನು ಮಗ ಚಿತ್ತರಂಜನ.

ಆ ಮನೆಯ ಹೊರಗಿನ ಕೆಲಸಕ್ಕೆ ಮೊದಲು ಹೋಗುತ್ತಿದ್ದದ್ದು ಬಾಗಿ ಮತ್ತು ವಾರಿಜರ ಅಪ್ಪೆ, ಅವರನ್ನು ಹೆತ್ತವಳು. ಅಪ್ಪೆ ಸತ್ತ ಮೇಲೆ ಬಾಗಿ. ಅವರು ಕಾಲನಿಯವರು. ಯಾರ ಕಾಲನಿ ಎಂದು ಈ ಊರಿನಲ್ಲಿ ಯಾರೂ ಕೇಳುವುದಿಲ್ಲ, ಕಾಲನಿ ಎಂದರೆ ಸಾಕು, ಎಲ್ಲರಿಗೂ ಗೊತ್ತಾಗುತ್ತದೆ. ಹೊರಗಿನ ಕೆಲಸ ಎಂದರೆ ಕಕ್ಕಸು ತೊಳೆಯುವುದು, ಅಂಗಳ ಗುಡಿಸುವುದು, ಚರಂಡಿಗೆ ಕೈ ಹಾಕಿ ಕಟ್ಟಿಕೊಂಡದ್ದನ್ನು ತೆಗೆಯುವುದು, ಮನೆಮಂದಿಯ ಹೊದಿಕೆ ಚಾದರ, ಮಕ್ಕಳ ಹೇಲುಚ್ಚೆಯ ಬಟ್ಟೆ ಒಗೆಯುವುದು. ಬಾಗಿ ಬಗ್ಗಿ ಬಗ್ಗಿ ಒಗೆದು ಹಿಂಡಿ ಕಲ್ಲಿನ ಮೇಲೆ ಇಡಬೇಕು. ಆಮೇಲೆ ಅಡಿಗೆಯ ಹೇಮಾಕ್ಷಿ ಬಂದು ಅದರ ಮೇಲೆ ಒಂದು ಕೊಡ ನೀರು ಹೊಯ್ದು ಶುದ್ಧ ಮಾಡಿ ಹಗ್ಗಕ್ಕೆ ಹಾಕುವುದು. ಒಗೆದವಳ ಸೊಂಟ ಬಿದ್ದುಹೋದರೂ ಬಟ್ಟೆ ಶುದ್ಧವಾಗುವುದು ಆ ಒಂದು ಕೊಡದಿಂದ.

ಆ ಅಂಗಳದಲ್ಲಿ ಬಾಗಿ ಎಲ್ಲಕ್ಕಿಂತ ಹೆಚ್ಚು ಕೇಳಿದ ಮಾತು ಮುಟ್ಟಬೇಡ. ಬಾವಿಯ ಹಗ್ಗ ಮುಟ್ಟಬೇಡ. ಜಗಲಿಯ ಕಂಬ ಮುಟ್ಟಬೇಡ. ತುಳಸಿಕಟ್ಟೆಯ ಬದಿ ಹೋಗಬೇಡ. ಒಮ್ಮೆ ಚಿತ್ತರಂಜನನ ಸಣ್ಣ ಮಗು ಮೆಟ್ಟಿಲಿನಿಂದ ಬಿದ್ದು ಹಣೆ ಒಡೆದುಕೊಂಡಿತು. ಬಾಗಿ ಗುಡಿಸುತ್ತಿದ್ದ ಹಿಡಿಸೂಡಿ ಬಿಸಾಡಿ ಓಡಿದಳು. ಮುಟ್ಟಬೇಡ ಮುಟ್ಟಬೇಡ ಎಂದು ಒಳಗಿನಿಂದ ಬೊಬ್ಬೆ ಕೇಳಿ ಅರ್ಧದಲ್ಲಿ ನಿಂತುಬಿಟ್ಟಳು, ಮಗು ರಕ್ತ ಸುರಿಸಿಕೊಂಡು ಅವಳ ಕಡೆ ಕೈ ಚಾಚಿ ಅತ್ತಿತು. ರತ್ನಾವತಿಯಮ್ಮ ಕೆಟ್ಟ ಬಾಯಿಯವರಲ್ಲ, ಅದನ್ನೂ ಹೇಳಬೇಕು. ಬೈಯುತ್ತಿರಲಿಲ್ಲ. ಹಬ್ಬಕ್ಕೆ ಸೀರೆ ಕೊಡುತ್ತಿದ್ದರು. ಸಾರಿಗೆ ಉಪ್ಪು ಹಾಕು ಎನ್ನುವಷ್ಟು ಸಲೀಸಾಗಿ ಮುಟ್ಟಬೇಡ ಎನ್ನುತ್ತಿದ್ದರು, ಅಷ್ಟೇ.

ಬಾವಿಗೆ ಮೋಟಾರು ಬಂದಾಗ ಬಾಗಿಗೆ ಕುಶಿಯಾಗಿತ್ತು. ಬಾವಿಯಿಂದ ಮಾಳಿಗೆಯ ಟಾಂಕಿಗೆ ಕಬ್ಬಿಣದ ಪೈಪು ಹೋಯಿತು, ಒಗೆಯುವ ಕಲ್ಲಿನ ಹತ್ತಿರ ಆ ಪೈಪಿಗೆ ಒಂದು ನಳ್ಳಿ ಕೂಡಿಸಿದರು. ಇನ್ನು ಹೇಮಾಕ್ಷಿ ಬಂದು ನೀರು ಸೇದಿ ಹೊಯ್ಯುವವರೆಗೆ ಕೈ ಕಟ್ಟಿ ನಿಲ್ಲುವುದು ತಪ್ಪಿತು ಎಂದುಕೊಂಡಳು. ಎಲ್ಲಿ ತಪ್ಪುವುದು? ಹಗ್ಗದ ಸಾಲಿಗೆ ನಳ್ಳಿಯೂ ಸೇರಿಕೊಂಡಿತು. ಹೇಮಾಕ್ಷಿ ಬಂದು ನಳ್ಳಿ ತಿರುಗಿಸಬೇಕು, ಕಲ್ಲಿನ ತೊಟ್ಟಿ ತುಂಬಬೇಕು, ತೊಟ್ಟಿಯಿಂದ ಬಾಗಿ ಮೊಗೆದುಕೊಳ್ಳಬೇಕು. ಹೇಮಾಕ್ಷಿಯಕ್ಕಾ ನೀರು, ಹೇಮಾಕ್ಷಿಯಕ್ಕಾ ನೀರು ಎಂದು ಬಿಸಿಲಿನಲ್ಲಿ ನಿಂತು ಕೂಗುವುದೇ ಅವಳ ಅರ್ಧ ಕೆಲಸವಾಗಿ ಹೋಯಿತು.

ವಾರಿಜ ಇದನ್ನೆಲ್ಲ ಕೇಳಿ ಕುದಿಯುವವಳು. ಅವಳು ಗೇರುಬೀಜದ ಕಾರ್ಖಾನೆಯಲ್ಲಿ ಬೀಜ ಒಡೆಯುವ ಕೆಲಸಕ್ಕಿದ್ದಳು. ಸಿಪ್ಪೆಯ ಎಣ್ಣೆ ತಾಗಿ ಬೆರಳುಗಳ ಚರ್ಮ ಸುಲಿದು ಕಪ್ಪಾಗಿತ್ತು, ಅನ್ನ ಕಲಸಿದರೆ ಉರಿಯುತ್ತಿತ್ತು. ಆದರೂ ಹತ್ತನೇ ಕ್ಲಾಸು ಓದಿದವಳು ಎಂಬ ಹೆಮ್ಮೆ ಒಂದು, ಯೂನಿಯನ್ನಿನವಳು ಎಂಬ ಹೆಮ್ಮೆ ಇನ್ನೊಂದು. ಗೇಟ್ ಮೀಟಿಂಗಿನಲ್ಲಿ ಎರಡು ಸಲ ಮಾತಾಡಿದ್ದಳು. ಹೆಂಗಸರು ಚಪ್ಪಾಳೆ ಹೊಡೆದಿದ್ದರು. ಚಪ್ಪಾಳೆಯ ರುಚಿ ಒಮ್ಮೆ ಹತ್ತಿದರೆ ಮನೆಯಲ್ಲಿಯೂ ಅದೇ ದನಿ ಬರುತ್ತದೆ.

ಒಂದು ಸಂಜೆ ಬಾಗಿ ಕಾಲು ನೀಡಿ ಕೂತು, ನೀರಿನಲ್ಲಿ ನೆನೆದು ಬೆಳ್ಳಗಾದ ಪಾದಕ್ಕೆ ತೆಂಗಿನೆಣ್ಣೆ ಹಚ್ಚಿಕೊಳ್ಳುತ್ತ, ತಮಾಷೆಯ ಹಾಗೆ ಒಂದು ವಿಷಯ ಹೇಳಿದಳು.

"ಹೇಮಾಕ್ಷಿಯಕ್ಕನಿಗೆ ಈಗ ಹೊಸ ಶಿಸ್ತು ಬಂದಿದೆ ಮಾರಾಯ್ತಿ. ನಳ್ಳಿಗೆ ಬೈರಾಸು ಸುತ್ತಿ ತಿರುಗಿಸ್ತಾಳೆ."

ಬೈರಾಸು ಎಂದರೆ ಮೈ ಒರೆಸುವ ಪಂಚೆ ತುಂಡು. ವಾರಿಜ ಯಾವಾಗಿನಿಂದ ಎಂದು ಕೇಳಿದಳು. ಮೊನ್ನೆ ಮೊನ್ನೆಯಿಂದ ಎಂದಳು ಬಾಗಿ. ರತ್ನಾವತಿಯಮ್ಮನೂ ಹಾಗೆಯೇ, ಪೈಪಿನ ಬದಿ ಬಂದರೆ ಸೀರೆಯ ಸೆರಗು ಒಟ್ಟುಮಾಡಿ ಹಿಡಿದುಕೊಳ್ಳುತ್ತಾರೆ. ತನಗೂ ಹೇಳಿದರು, ಬಾಗೀ, ಆ ಪೈಪು ಗೀಪು ಮುಟ್ಟಬೇಡ ಆಯ್ತಾ ಎಂದು, ಒಂದು ಸಲ ಹೇಳಿ ಹೋದವರು ತಿರುಗಿ ಬಂದು ಪುನಃ ಹೇಳಿದರು. ತಾನು ಯಾವ ಕಾಲಕ್ಕೆ ಮುಟ್ಟಿದ್ದೇನೆ ಎಂದು ಅವರಿಗೆ ಅಷ್ಟು ಚಿಂತೆಯೋ ಗೊತ್ತಿಲ್ಲ ಎಂದು ಬಾಗಿ ನಕ್ಕಳು.

ವಾರಿಜಳಿಗೆ ನಗು ಬರಲಿಲ್ಲ. ಮೈ ಉರಿದುಹೋಯಿತು. ಬೈರಾಸಿನ ಅರ್ಥ ಅವಳಿಗೆ ಕ್ಷಣದಲ್ಲಿ ಹೊಳೆದುಬಿಟ್ಟಿತು. ಬೇರೆ ಅರ್ಥ ಇರಬಹುದೆಂದು ಯೋಚಿಸುವ ಪುರುಸೊತ್ತು ಅವಳಿಗೆ ಬೇಕಾಗಲಿಲ್ಲ. ಹುಟ್ಟಿದಾಗಿನಿಂದ ಒಂದೇ ಅರ್ಥ ಕಂಡವರಿಗೆ ಇನ್ನೊಂದು ಅರ್ಥ ಎಲ್ಲಿಂದ ಹೊಳೆಯಬೇಕು?

"ನಿನ್ನ ಮೇಲೆ ಸಂಶಯ ಅವರಿಗೆ," ಎಂದಳು. "ಯಾರೂ ಇಲ್ಲದಾಗ ನೀನು ನಳ್ಳಿ ಮುಟ್ಟಿರ್ತಿ ಅಂತ. ನಿನ್ನ ಕೈ ತಾಗಿದ ಕಬ್ಬಿಣ ಹಿಡಿಯಲಿಕ್ಕೆ ಹೇಸಿಗೆ. ಅದಕ್ಕೆ ಬೈರಾಸು."

ಬಾಗಿಯ ಮುಖದ ನಗು ಇಳಿಯಿತು. ಅವಳಿಗೆ ಅದು ಹೊಳೆದಿರಲಿಲ್ಲ. ಹೊಳೆದ ಮೇಲೆ ಅವಳು ತನ್ನ ಕೈ ಒಮ್ಮೆ ನೋಡಿಕೊಂಡಳು. ಆ ನೋಟ ವಾರಿಜಳ ಹೊಟ್ಟೆಗೆ ಇನ್ನಷ್ಟು ಬೆಂಕಿ ಹಾಕಿತು. ನಾಳೆ ನೀನೇ ತಿರುಗಿಸು ಎಂದಳು. ಕದ್ದು ಮುಚ್ಚಿ ಬೇಡ, ಹೇಮಾಕ್ಷಿಯನ್ನು ಕರೆದು ಅವಳ ಕಣ್ಣೆದುರೇ ತಿರುಗಿಸು, ಬರಿ ಕೈಯಲ್ಲಿ, ಗಟ್ಟಿಯಾಗಿ ಹಿಡಿದು. ಕೆಲಸ ಹೋದರೆ ನಿನ್ನ ಯೂನಿಯನ್ನು ಕೊಡ್ತದಾ ಎಂದು ಬಾಗಿ ಕೇಳಿದಳು. ಆಗ ವಾರಿಜ ಆ ಮಾತು ಆಡಿದಳು.

"ಅಪ್ಪೆ ಸಾಯುವವರೆಗೆ ಮುಟ್ಟಲಿಲ್ಲ. ಎಂತ ಸಿಕ್ಕಿತು ಅವಳಿಗೆ? ನೀನೂ ಹಾಗೆಯೇ ಸಾಯ್ತೀಯಾ?"

ಬಾಗಿ ಎಣ್ಣೆಯ ಕೈಯನ್ನು ಸೆರಗಿಗೆ ಒರೆಸಿಕೊಂಡಳು. ಆಮೇಲೆ ನೋಡುವಾ ಎಂದು ಎದ್ದುಹೋದಳು.

ಮರುದಿನ ಹನ್ನೊಂದು ಗಂಟೆಯ ಹೊತ್ತಿಗೆ ಕಾಲನಿಯ ಒಬ್ಬ ಕಾರ್ಖಾನೆಯ ಗೇಟಿಗೆ ಬಂದು ವಾರಿಜಳನ್ನು ಕರೆಸಿದ. ಬಾಗಿಗೆ ಕರೆಂಟು ಹೊಡೆದಿದೆಯಂತೆ ಎಂದ. ಆ ಮನೆಯ ವಿಷಯದಲ್ಲಿ ಕರೆಂಟು ಎಂಬ ಶಬ್ದ ಅವಳ ಕಿವಿಗೆ ಬಿದ್ದದ್ದು ಅದೇ ಮೊದಲು. ಎಲ್ಲಿಯ ಕರೆಂಟು, ಬಾಗಿಗೂ ಕರೆಂಟಿಗೂ ಎಂತ ಸಂಬಂಧ, ಅವರ ಗುಡಿಸಲಿನಲ್ಲಿ ಚಿಮಿಣಿ ದೀಪ ಬಿಟ್ಟರೆ ಬೇರೆ ಇಲ್ಲ. ಓಡುತ್ತಾ ಅವಳು ಇದನ್ನೇ ಯೋಚಿಸಿದಳು.

ಬಾಗಿ ಒಗೆಯುವ ಕಲ್ಲಿನ ಬುಡದಲ್ಲಿ ಅಂಗಾತ ಬಿದ್ದಿದ್ದಳು. ಸೀರೆ ಎತ್ತಿ ಕಟ್ಟಿದ್ದು ಹಾಗೆಯೇ ಇತ್ತು. ಯಾರೋ ದೂರದಿಂದ ಒಂದು ಹಳೆಯ ಚಾದರ ಎಸೆದಿದ್ದರು, ಅದು ಸರಿಯಾಗಿ ಬೀಳದೆ ಒಂದು ಕಾಲು, ಅರ್ಧ ಮುಖ ಹೊರಗೆ ಉಳಿದಿತ್ತು. ಅಂಗೈಯಲ್ಲಿ ನಳ್ಳಿಯ ಅಚ್ಚು ಬಿದ್ದು ಸುಟ್ಟಿತ್ತು. ಮೆಯಿನ್ ಸ್ವಿಚ್ಚು ಆಫ್ ಮಾಡಿ ಆಗಲೇ ಬಹಳ ಹೊತ್ತಾಗಿತ್ತು. ಆದರೂ ಯಾರೂ ಮುಟ್ಟಿರಲಿಲ್ಲ. ಕರೆಂಟು ಇರುವಾಗ ಕರೆಂಟಿಗೆ ಹೆದರಿ ಮುಟ್ಟಲಿಲ್ಲ ಎಂದರೆ ಒಪ್ಪಬಹುದು. ಕರೆಂಟು ಹೋದ ಮೇಲೆ ಎಂತಕ್ಕೆ ಹೆದರಿದರು? ಬಿಸಿಲಿನಲ್ಲಿ ಅವಳು ಹಾಗೇ ಬಿದ್ದಿದ್ದಳು, ನೊಣ ಓಡಿಸಲೂ ಒಂದು ಕೈ ಹತ್ತಿರ ಬರಲಿಲ್ಲ.

ವಾರಿಜ ಅಕ್ಕನ ತಲೆಯನ್ನು ತೊಡೆಯ ಮೇಲೆ ಹಾಕಿಕೊಂಡಳು. ಅಡಿಗೆ ಮನೆಯ ಬಾಗಿಲಿನಲ್ಲಿ ಹೇಮಾಕ್ಷಿ ಎದೆ ಬಡಿದುಕೊಂಡು ಅಳುತ್ತಿದ್ದಳು. ಅವಳು ಅಳುತ್ತ ಅಳುತ್ತ ಹೇಳಿದ್ದು ಇಷ್ಟು: ನಾನು ಹಿಟ್ಟು ರುಬ್ಬುತ್ತಿದ್ದೆ, ಬಂದೆ ನಿಲ್ಲು ಎಂದೆ, ಬೇಡ ಹೇಮಾಕ್ಷಿಯಕ್ಕ, ಇವತ್ತು ನಾನೇ ತಿರುಗಿಸ್ತೇನೆ, ನೀವು ನೋಡಿ ಎಂದು ನಗಾಡಿಕೊಂಡೇ ಹೋದಳು. ಪೈಪಿನಲ್ಲಿ ಕರೆಂಟು ಬರ್ತದೆ ಅಂತ ಗೊತ್ತಿದ್ದೇ ಅಲ್ಲವಾ ನಾನು ಬೈರಾಸು ಸುತ್ತುತ್ತಿದ್ದದ್ದು.

ವಾರಿಜಳಿಗೆ ಅಳು ನಿಂತುಹೋಯಿತು. ಬೈರಾಸು ಸುತ್ತಿದ್ದು ಕರೆಂಟಿಗೆ. ಹೇಸಿಗೆಗಲ್ಲ. ಆ ಮನೆಯವರು ತಮ್ಮ ಜನ್ಮದಲ್ಲಿ ಒಮ್ಮೆ ಮಾತ್ರ ಮೈಲಿಗೆಯ ಲೆಕ್ಕ ಬಿಟ್ಟು ಬೇರೆ ಕಾರಣಕ್ಕೆ ಮುಟ್ಟಬೇಡ ಎಂದಿದ್ದರು, ಆ ಒಂದು ಸಲವೇ ಅವಳು ಅಕ್ಕನಿಗೆ ಮುಟ್ಟು ಎಂದಿದ್ದಳು. ಅವಳಿಗೆ ತನ್ನ ನಾಲಿಗೆಯನ್ನು ಕಿತ್ತು ಆ ಕಲ್ಲಿನ ಮೇಲೆ ಇಡಬೇಕು ಅನಿಸಿತು. ಅಷ್ಟರಲ್ಲಿ ಅಣ್ಣು ಬಂದ. ಬಂದವನು ಹೆಂಡತಿಯ ಕಾಲಿನ ಮೇಲಿನ ಸೀರೆ ಸರಿ ಮಾಡಿ, ಧಣಿಗಳ ಜಗಲಿಯ ಕಡೆ ತಿರುಗಿ ಕೈ ಮುಗಿದ. ಯಾಕೆ ಮುಗಿದ ಎಂದು ಕೇಳಿದರೆ ಅವನಿಗೂ ಗೊತ್ತಿರಲಿಕ್ಕಿಲ್ಲ, ಅಭ್ಯಾಸ.

ಬಾಗಿಯನ್ನು ಮಣ್ಣು ಮಾಡಿದ ಮೇಲೆ ವಾರಿಜ ಕಾರ್ಖಾನೆಗೆ ಹೋದಳು. ಬೀಜ ಒಡೆದಳು. ಪಕ್ಕದಲ್ಲಿ ಕೂರುವ ಆನಿಬಾಯಿ ಸಮಾಧಾನ ಹೇಳಿದಳು, ಯೂನಿಯನ್ನಿನವರು ಬಂದು ಒಂದು ಪ್ರತಿಭಟನೆ ಮಾಡುವಾ, ನೀನು ಮಾತಾಡಬೇಕು ಎಂದರು. ಅವಳು ಬೇಡ ಎಂದು ತಲೆ ಅಲ್ಲಾಡಿಸಿದಳು. ಮಾತಾಡುವುದು ಸುಲಭ. ಮಾತಾಡುವವಳಿಗೆ ಶಾಕ್ ಹೊಡೆಯುವುದಿಲ್ಲ, ಮುಟ್ಟುವವಳಿಗೆ ಹೊಡೆಯುತ್ತದೆ. ಧೈರ್ಯ ಬೇಕಿದ್ದರೆ ತಾನೇ ಹೋಗಿ ಮುಟ್ಟಬಹುದಿತ್ತು. ಹೋಗಲಿಲ್ಲ. ಅಕ್ಕನನ್ನು ಕಳಿಸಿದಳು. ಎಣ್ಣೆ ತಾಗಿ ಬೆರಳು ಉರಿದರೆ ಅವಳು ಈಗ ಬೂದಿ ಹಚ್ಚಿಕೊಳ್ಳಲು ಏಳುತ್ತಿರಲಿಲ್ಲ. ಉರಿಯಲಿ ಎಂದು ಕೂತಿರುತ್ತಿದ್ದಳು.

ಆ ವಾರದಲ್ಲೇ ಚಿತ್ತರಂಜನ ಕಾಲನಿಗೆ ಬಂದ. ಸ್ಕೂಟರು ರಸ್ತೆಯಲ್ಲಿ ನಿಲ್ಲಿಸಿ ಅಲ್ಲಿಂದಲೇ ಅಣ್ಣುವನ್ನು ಕರೆದ. ವಾರಿಜ ತಟ್ಟಿಯ ಈಚೆ ನಿಂತು ಎಲ್ಲ ಕೇಳಿಸಿಕೊಂಡಳು. ಪಾಪ ಬಾಗಿ ಒಳ್ಳೆಯವಳು ಎಂದ. ಮೂಟೆ ಹೊತ್ತು ಎಷ್ಟು ದಿನ ಬದುಕ್ತಿ, ಹೋಟೆಲಿನ ಹಿಂದೆ ಸೌದೆ ಒಡೆಯುವ ಕೆಲಸ ಉಂಟು, ಕಾಯಂ ಮಾಡಿಕೊಡ್ತೇನೆ ಎಂದ. ಕರೆಂಟಿನ ಇನ್ಸ್‌ಪೆಕ್ಟರು ವಿಚಾರಣೆಗೆ ಬರುತ್ತಾರೆ, ಆಗ ನೀನು ಬಂದು ಒಂದು ಮಾತು ಹೇಳಬೇಕು ಎಂದ.

"ಸುಳ್ಳು ಹೇಳು ಅಂತ ನಾನು ಹೇಳುವುದಿಲ್ಲ ಮಾರಾಯ. ನಡೆದದ್ದೇ ಹೇಳು. ಮುಟ್ಟಬೇಡ ಅಂತ ಅಮ್ಮ ಬಾಗಿಗೆ ಹೇಳಿದ್ದು ಹೌದಲ್ಲವಾ? ಅಷ್ಟು ಸಾಕು."

ಹೌದು ಧಣಿ, ಹೇಳಿದ್ದರು ಎಂದ ಅಣ್ಣು. ಬಾಗಿ ಅವನಿಗೂ ಹೇಳಿದ್ದಳು.

ವಾರಿಜ ತಟ್ಟಿ ಹಿಡಿದುಕೊಂ‍ಡು ನಿಂತೇ ಇದ್ದಳು. ಹೊರಗೆ ಬಂದು ಚಿತ್ತರಂಜನನ ಮುಖಕ್ಕೆ ಉಗುಳಬೇಕಿತ್ತು. ಬರಲಿಲ್ಲ. ಏಕೆಂದರೆ ಅವನ ಮಾತು ಕೇಳಿ ಅವಳಿಗೆ ಒಳಗೊಳಗೇ ಹಗುರವಾಗಿತ್ತು, ಆ ನಾಚಿಕೆಗೇಡಿನ ವಿಷಯವನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ. ಮುಟ್ಟಬೇಡ ಎಂದಿದ್ದರು, ಬಾಗಿ ಮುಟ್ಟಿದಳು ಎಂಬಲ್ಲಿಗೆ ಮಾತು ಮುಗಿದರೆ, ಯಾಕೆ ಮುಟ್ಟಿದಳು ಎಂದು ಯಾರೂ ಕೇಳುವುದಿಲ್ಲ. ಧಣಿಗಳು ಉಳಿಯುತ್ತಾರೆ, ವಾರಿಜಳೂ ಉಳಿಯುತ್ತಾಳೆ. ಎಲ್ಲ ಸತ್ತವಳ ತಲೆಯ ಮೇಲೆ.

ವಿಚಾರಣೆಗೆ ಬಂದ ಇನ್ಸ್‌ಪೆಕ್ಟರು ಘಟ್ಟದ ಮೇಲಿನವರು. ತುಳು ಬಾರದ್ದರಿಂದ ಎಲ್ಲರೂ ಕನ್ನಡದಲ್ಲೇ ಮಾತಾಡಬೇಕಾಯಿತು. ಅವರ ಜೊತೆ ಒಬ್ಬ ಪೊಲೀಸಿನವನು. ಅಣ್ಣು ಮತ್ತು ವಾರಿಜ ಚಪ್ಪಲಿಯನ್ನು ಗೇಟಿನ ಹೊರಗೆ ಬಿಟ್ಟು ಅಂಗಳದ ತುದಿಯಲ್ಲಿ ನಿಂತರು. ಇನ್ಸ್‌ಪೆಕ್ಟರು ಮೋಟಾರು ಶೆಡ್ಡಿಗೆ ಹೋಗಿ ಬಹಳ ಹೊತ್ತು ನೋಡಿದರು. ಟೆಸ್ಟರು ಇಟ್ಟರು, ಫ್ಯೂಸು ಕಿತ್ತು ಕೈಯಲ್ಲಿ ಹಿಡಿದುಕೊಂಡು ಬಂದರು. ತೆಳ್ಳಗಿನ ತಂತಿ ಇರಬೇಕಾದಲ್ಲಿ ಕಡ್ಡಿಯಷ್ಟು ದಪ್ಪದ ತಾಮ್ರದ ತಂತಿ ಸುತ್ತಿತ್ತು. ಫ್ಯೂಸು ಪದೇ ಪದೇ ಹೋಗುತ್ತಿತ್ತು, ಅದಕ್ಕೆ ದಪ್ಪದ್ದು ಹಾಕಿಸಿದ್ದು ಎಂದ ಚಿತ್ತರಂಜನ. ಹೋಗಲಿಕ್ಕೇ ಇರೋದು ಅದು ಎಂದರು ಇನ್ಸ್‌ಪೆಕ್ಟರು. ಮೋಟಾರಿನಿಂದ ನೆಲಕ್ಕೆ ಹೋಗಬೇಕಾದ ಅರ್ತಿಂಗ್ ತಂತಿ ಎಲ್ಲಿ ಎಂದು ಕೇಳಿದರು. ಅಂಗಳಕ್ಕೆ ಸಿಮೆಂಟು ಹಾಕಿಸುವಾಗ ಕೆಲಸದವರು ಅದನ್ನು ಕಡಿದಿದ್ದರು, ಆಮೇಲೆ ಜೋಡಿಸಿರಲಿಲ್ಲ. ಮೋಟಾರಿನ ಒಳಗೆ ತಂಡಿ ಹಿಡಿದು ಕರೆಂಟು ಪೈಪಿಗೆ ಇಳಿಯಲು ಶುರುವಾದದ್ದು ಗೊತ್ತಾಗಿ ವಯರಿಂಗಿನ ಆರ್ಥರ್ ಬಂದು ನೋಡಿದ್ದ. ರಿಪೇರಿ ಆಗುವವರೆಗೆ ಮೋಟಾರು ಹಾಕಬೇಡಿ ಎಂದಿದ್ದ. ಮನೆಯಲ್ಲಿ ನೆಂಟರಿದ್ದರು, ನೀರು ಬೇಕಿತ್ತು. ಹಾಕಿದರು.

ಇನ್ಸ್‌ಪೆಕ್ಟರು ಎಲ್ಲ ಬರೆದುಕೊಂಡರು. ಮೋಟಾರಿನ ಹತ್ತಿರ ಹೋಗುವಾಗ ನೀವು ಎಂತ ಜಾಗ್ರತೆ ಮಾಡುತ್ತಿದ್ದಿರಿ ಎಂದು ಕೇಳಿದರು. ಮನೆಯವರೆಲ್ಲ ರಬ್ಬರಿನ ಹವಾಯಿ ಚಪ್ಪಲಿ ಹಾಕಿಕೊಂಡೇ ಹೋಗುತ್ತಿದ್ದೆವು ಎಂದರು ರತ್ನಾವತಿಯಮ್ಮ. ಸತ್ತವಳ ಕಾಲಿನಲ್ಲಿ ಚಪ್ಪಲಿ ಇತ್ತಾ ಎಂದು ಇನ್ಸ್‌ಪೆಕ್ಟರು ಕೇಳಿದರು.

"ಅವರು ಗೇಟಿನ ಒಳಗೆ ಚಪ್ಪಲಿ ಹಾಕುವ ಕ್ರಮ ಇಲ್ಲ," ಎಂದರು ರತ್ನಾವತಿಯಮ್ಮ.

ಇನ್ಸ್‌ಪೆಕ್ಟರು ಒಮ್ಮೆ ಅಂಗಳದ ತುದಿಯ ಬರಿಗಾಲುಗಳನ್ನು ನೋಡಿದರು. ಮೆಯಿನ್ ಆಫ್ ಮಾಡಿದ ಕೂಡಲೇ ಎದೆ ಒತ್ತಿ ಉಸಿರು ಬರಿಸಲು ನೋಡಿದಿರಾ ಎಂದೂ ಕೇಳಿದರು. ಚಿತ್ತರಂಜನ ನಡುವೆ ಬಾಯಿ ಹಾಕಿ, ಸರ್, ಮುಖ್ಯ ವಿಷಯ ಎಂತ ಅಂದರೆ ಅವಳಿಗೆ ಮೊದಲೇ ಹೇಳಿತ್ತು ಎಂದ. ರತ್ನಾವತಿಯಮ್ಮ ದೈವದ ಗುಡಿಯ ಕಡೆ ಕೈ ಮಾಡಿ, ಮುಟ್ಟಬೇಡ ಎಂದು ಎರಡೆರಡು ಸಲ ಹೇಳಿದ್ದೇನೆ ಎಂದರು. ಹೇಮಾಕ್ಷಿ ತಲೆ ತಗ್ಗಿಸಿ, ಹೇಳಿದ್ದು ಹೌದು, ನಾನು ಕೇಳಿದ್ದೇನೆ ಎಂದಳು. ಅಣ್ಣುವನ್ನು ಕೇಳಿದಾಗ ಅವನೂ ಹೌದು ಎಂದ. ಇನ್ಸ್‌ಪೆಕ್ಟರು ಪೆನ್ನು ತೆಗೆದರು.

"ಹಾಗಾದ್ರೆ ಕರೆಂಟ್ ಇದೆ ಅಂತ ತಿಳಿದೂ ಮುಟ್ಟಿದ್ದಾಳೆ. ಅವಳದೇ ಅಜಾಗರೂಕತೆ."

ಅಲ್ಲಿಯವರೆಗೆ ವಾರಿಜ ಸುಮ್ಮನೆ ನಿಂತಿದ್ದಳು. ಸುಮ್ಮನೆ ನಿಂತೇ ಮನೆಗೆ ಹೋಗಬೇಕೆಂದೂ ನಿಶ್ಚಯ ಮಾಡಿಕೊಂಡಿದ್ದಳು. ಆದರೆ ತಿಳಿದೂ ಮುಟ್ಟಿದ್ದಾಳೆ ಎಂಬ ಮಾತು ಅವಳ ಮುಖಕ್ಕೆ ರಪ್ಪೆಂದು ಹೊಡೆಯಿತು. ಬಾಗಿಗೆ ಏನು ತಿಳಿದಿತ್ತು? ಅವಳಿಗೆ ತಿಳಿಯದ ಹಾಗೆ ಸಾಯಿಸಿ, ತಿಳಿದೇ ಸತ್ತಳು ಎಂದು ಕಾಗದದಲ್ಲಿ ಬರೆಯುತ್ತಾರಲ್ಲ. ಅವಳು ಅಂಗಳದ ತುದಿ ಬಿಟ್ಟು ಮುಂದೆ ಬಂದಳು. ಅಲ್ಲೇ ನಿಲ್ಲು ಎಂದ ಚಿತ್ತರಂಜನ. ಅವಳು ನಿಲ್ಲಲಿಲ್ಲ. ಜಗಲಿಯ ಮೆಟ್ಟಿಲಿನವರೆಗೆ ಬಂದು ಹೇಮಾಕ್ಷಿಯ ಎದುರು ನಿಂತಳು.

"ಹೇಮಾಕ್ಷಿಯಕ್ಕ, ಅಮ್ಮ ನಿಮಗೆ ಎಂತ ಹೇಳಿದ್ದರು? ಶಬ್ದಕ್ಕೆ ಶಬ್ದ ಹೇಳಿ."

ಹೇಮಾಕ್ಷಿ ರತ್ನಾವತಿಯಮ್ಮನ ಮುಖ ನೋಡಿದಳು. ಆಮೇಲೆ ಕಣ್ಣು ಒರೆಸಿಕೊಂಡು ಹೇಳಿದಳು. "ಪೈಪಿನಲ್ಲಿ ಕರೆಂಟು ಬರ್ತದೆ, ಬರಿ ಕೈಯಲ್ಲಿ ಮುಟ್ಟಬೇಡ ಅಂತ."

"ಬಾಗಿಗೆ?"

"ಮುಟ್ಟಬೇಡ ಅಂತ."

"ಕರೆಂಟು ಅಂತ ಹೇಳಿದರಾ?"

ಹೇಮಾಕ್ಷಿ ಇಲ್ಲ ಎಂದು ತಲೆ ಆಡಿಸಿದಳು. ಅವಳಿಗೆ ಅದೆಲ್ಲ ವಿವರಿಸಿ ಹೇಳಬೇಕಾ, ಮುಟ್ಟಬೇಡ ಎಂದರೆ ಮುಟ್ಟಬಾರದು ಎಂದು ಗೊತ್ತುಂಟಲ್ಲ ಎಂದರು ರತ್ನಾವತಿಯಮ್ಮ. ಅವರ ದನಿಯಲ್ಲಿ ಮೋಸವಿರಲಿಲ್ಲ. ನಿಜವಾಗಿಯೂ ಅವರಿಗೆ ಅರ್ಥವಾಗಿರಲಿಲ್ಲ.

ವಾರಿಜ ಇನ್ಸ್‌ಪೆಕ್ಟರಿನ ಕಡೆ ತಿರುಗಿದಳು. ಬಾವಿಯ ಹಗ್ಗ ಮುಟ್ಟಬೇಡ ಎನ್ನುತ್ತಾರೆ, ಹಗ್ಗದಲ್ಲಿ ಕರೆಂಟು ಉಂಟಾ ಎಂದು ಕೇಳಿದಳು. ಕಂಬ ಮುಟ್ಟಬೇಡ, ತುಳಸಿ ಮುಟ್ಟಬೇಡ, ಬಿದ್ದ ಮಗುವನ್ನು ಮುಟ್ಟಬೇಡ, ಅದರಲ್ಲೆಲ್ಲ ಕರೆಂಟು ಉಂಟಾ. ನನ್ನ ಅಪ್ಪೆಯ ಕಾಲದಿಂದ ಹೇಳಿದ ಒಂದೇ ಮಾತನ್ನು ಇನ್ನೊಮ್ಮೆ ಹೇಳಿದರೆ ಈ ಸಲದ್ದು ಬೇರೆ ಎಂದು ಬಾಗಿಗೆ ಹೇಗೆ ಗೊತ್ತಾಗಬೇಕು. ಅಷ್ಟು ಹೇಳುವಾಗ ಅವಳ ದನಿ ಗೇಟ್ ಮೀಟಿಂಗಿನ ದನಿಯೇ ಆಗಿತ್ತು. ಅದು ಅವಳಿಗೇ ಕೇಳಿಸಿತು. ಅಲ್ಲಿಗೆ ನಿಲ್ಲಿಸಿದರೆ ತಾನು ಧಣಿಗಳಿಗಿಂತ ಕಡೆ ಎಂದು ಅವಳಿಗೆ ಗೊತ್ತಾಯಿತು.

"ಬೈರಾಸು ಸುತ್ತುವುದು ಹೇಸಿಗೆಗೆ ಅಂತ ನಾನು ಹೇಳಿದೆ. ನೀನೇ ಬರಿ ಕೈಯಲ್ಲಿ ತಿರುಗಿಸು ಅಂತ ಕಳಿಸಿದ್ದು ನಾನು. ಅದನ್ನೂ ಬರೆಯಿರಿ."

ಅಣ್ಣು ತಲೆ ಎತ್ತಿದ. ಚಿತ್ತರಂಜನ ಕೂತಲ್ಲಿಂದ ಎದ್ದೇಬಿಟ್ಟ. ಕೇಳಿದಿರಲ್ಲ ಸರ್, ಅವಳೇ ಒಪ್ಪಿಕೊಂಡಳು, ಇದೆಲ್ಲ ಯೂನಿಯನ್ನಿನ ಕಿತಾಪತಿ ಎಂದ. ಇನ್ಸ್‌ಪೆಕ್ಟರು ಅವಳು ಹೇಳಿದ್ದನ್ನು ಬರೆದು ಸಹಿ ಮಾಡು ಎಂದು ಕಾಗದ ಚಾಚಿದರು. ವಾರಿಜ ಓದಿದಳು. ಅದರಲ್ಲಿ ಮುಟ್ಟು ಎಂದು ತಂಗಿ ಹೇಳಿದ್ದು ಇತ್ತು. ಕರೆಂಟು ಎಂದು ಮನೆಯವರು ಹೇಳದೆ ಇದ್ದದ್ದು ಇರಲಿಲ್ಲ. ಸಹಿ ಮಾಡುವುದಿಲ್ಲ ಎಂದಳು. ಪೊಲೀಸಿನವನು ಗದರಿಸಿದ. ಅವಳು ಕಾಗದವನ್ನು ಹಾಗೇ ಹಿಡಿದು ನಿಂತಳು. ನನ್ನ ತಪ್ಪನ್ನು ಬರೆದಿದ್ದೀರಿ, ಅದನ್ನು ತೆಗೆಯಿರಿ ಅಂತ ನಾನು ಹೇಳುವುದಿಲ್ಲ, ಅವರದ್ದನ್ನೂ ಬರೆಯಿರಿ ಎಂದಳು. ಇನ್ಸ್‌ಪೆಕ್ಟರು ಕಾಗದ ವಾಪಸು ತೆಗೆದುಕೊಂಡು ಇನ್ನೆರಡು ಸಾಲು ಸೇರಿಸಿದರು. ಆಮೇಲೆ ಅವಳು ಸಹಿ ಹಾಕಿದಳು. ಸುಲಿದ ಬೆರಳಿಗೆ ಪೆನ್ನು ನಿಲ್ಲದೆ ಹೆಸರು ಓರೆಯಾಯಿತು.

ವಾಪಸು ಬರುವಾಗ ಅಣ್ಣು ಮುಂದೆ, ವಾರಿಜ ಹಿಂದೆ. ಕಂಕನಾಡಿಯ ತಿರುವಿನಲ್ಲಿ ಅವನು ನಿಂತು ತಿರುಗಿದ.

"ನೀನು ಹೇಳದೆ ಇದ್ದಿದ್ದರೆ ಅವಳು ಇರ್ತಿದ್ದಳು."

"ಹೌದು ಭಾವ," ಎಂದಳು ವಾರಿಜ. ಅವನು ಅವಳೊಡನೆ ಮಾತು ಬಿಟ್ಟ. ಒಂದೇ ಮಾಡಿನ ಕೆಳಗಿದ್ದು ಅವಳು ಬೇಯಿಸಿ ಇಟ್ಟದ್ದನ್ನು ಉಣ್ಣಲಿಲ್ಲ. ಕಾಲನಿಯ ಹೆಂಗಸರೂ ಅವಳನ್ನು ಕಂಡರೆ ಮಾತು ನಿಲ್ಲಿಸುತ್ತಿದ್ದರು. ಅಕ್ಕನನ್ನು ತಿಂದವಳು ಎಂದು ಒಬ್ಬಳು ಹೇಳಿದ್ದು ಅವಳ ಕಿವಿಗೆ ಬಿತ್ತು. ಅವಳು ಜಗಳಕ್ಕೆ ಹೋಗಲಿಲ್ಲ. ಹೋಟೆಲಿನ ಕೆಲಸದ ಸುದ್ದಿಯನ್ನು ಚಿತ್ತರಂಜನ ಮತ್ತೆ ಎತ್ತಲಿಲ್ಲ, ಅಣ್ಣುವೂ ಕೇಳಲು ಹೋಗಲಿಲ್ಲ, ಬೆಳಗಾದರೆ ಬಂದರಿಗೆ ಹೋಗಿ ಮೂಟೆ ಹೊತ್ತ. ಕೇಸು ಎಲ್ಲಿಗೆ ಬಂತು ಎಂದು ಕೇಳಿದರೆ ಮೇಲಿನವರಿಗೆ ಕಳಿಸಿದೆ ಎಂಬ ಉತ್ತರ ಸಿಕ್ಕಿತು. ಅದು ಇವತ್ತಿಗೂ ಮೇಲೆಯೇ ಇರಬೇಕು.

ಮಳೆ ಹಿಡಿಯುವ ಮೊದಲು ಒಂದು ಭಾನುವಾರ ಬೆಳಿಗ್ಗೆ ಹೇಮಾಕ್ಷಿ ಕಾಲನಿಗೆ ಬಂದಳು. ಅಣ್ಣು ಹೊರಗೆ ಕೂತು ಬೀಡಿ ಸೇದುತ್ತಿದ್ದ. ವಾರಿಜ ಬಾಗಿಲಿನಲ್ಲಿ ನಿಂತಿದ್ದಳು. ಆಚೀಚಿನ ಗುಡಿಸಲಿನವರೂ ಎಂತ ಸುದ್ದಿ ಎಂದು ಬಂದು ಸೇರಿದರು. ಅಮ್ಮ ಕಳಿಸಿದ್ದಾರೆ ಎಂದಳು ಹೇಮಾಕ್ಷಿ. ಅಲ್ಲಿ ಒಗೆಯುವ ಬಟ್ಟೆ ರಾಶಿ ಬಿದ್ದಿದೆ, ಕಕ್ಕಸು ನಾರುತ್ತಿದೆ, ಇಲ್ಲಿಂದ ಯಾರನ್ನಾದರೂ ಕೆಲಸಕ್ಕೆ ಕಳಿಸಬೇಕಂತೆ. ಹೆದರಿಕೆ ಬೇಡ ಎಂದಳು. ಹೊಸ ಮೋಟಾರು ಹಾಕಿಸಿದ್ದಾರೆ. ಫ್ಯೂಸಿಗೆ ಸರಿಯಾದ ತಂತಿ ಹಾಕಿಸಿದ್ದಾರೆ. ನೆಲ ಅಗೆದು ಇದ್ದಿಲು ಉಪ್ಪು ಹಾಕಿ ಅರ್ತಿಂಗ್ ಮಾಡಿಸಿದ್ದಾರೆ. ಆರ್ಥರ್ ಎರಡು ಸಲ ಬಂದು ನೋಡಿದ್ದಾನೆ, ಇನ್ನು ಹಾಲು ಕುಡಿಯುವ ಮಗು ಮುಟ್ಟಿದರೂ ಎಂತ ಆಗುವುದಿಲ್ಲ ಎಂದಿದ್ದಾನೆ.

ವಾರಿಜ ಕೇಳಿದಳು. "ಹಾಗಾದರೆ ಬರುವವಳು ನಳ್ಳಿ ಅವಳೇ ತಿರುಗಿಸಬಹುದಾ?"

ಹೇಮಾಕ್ಷಿ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿದಳು, ಬಿಚ್ಚಿದಳು.

"ಅದು... ನಾನೇ ತಿರುಗಿಸಿ ಕೊಡ್ತೇನೆ," ಎಂದಳು.

ಅಣ್ಣು ಬೀಡಿಯನ್ನು ನೆಲಕ್ಕೆ ಒತ್ತಿ ನಂದಿಸಿ ಎದ್ದ. ಧಣಿ ಎಂದರೆ ಸೊಂಟ ಬಗ್ಗಿಸುವವನು, ಗದರಿ ಮಾತಾಡಿ ಗೊತ್ತಿಲ್ಲದವನು. ಈಗಲೂ ಗದರಲಿಲ್ಲ.

"ಹಾಗಾದರೆ ರಿಪೇರಿ ಆಗಲಿಲ್ಲ ಅಂತ ಹೇಳಿ ನಿಮ್ಮ ಅಮ್ಮನಿಗೆ. ಇಲ್ಲಿಂದ ಯಾರೂ ಬರುವುದಿಲ್ಲ."

ಅಷ್ಟು ಹೇಳಿ ಅವನು ಗುಡಿಸಲಿನ ಒಳಗೆ ಹೊರಟ. ಬಾಗಿಲಿನಲ್ಲಿ ವಾರಿಜ ನಿಂತಿದ್ದಳಲ್ಲ, ಅವಳ ಮೈಗೆ ತಾಗದ ಹಾಗೆ ಬದಿಗೆ ಸರಿದುಕೊಂಡು ಹೋದ.